ಕುದಿಸಿದರೂ ಸಾಯದ್ದು

ಆಗಸ್ಟ್ 4, ಸೋಮವಾರ

ಮತ್ತೆ ಕೋಶಗಳಿಗೆ ಊಟ ಬಡಿಸುವ ದಿನ. ಹಳೆಯ ದ್ರವ ಹೀರಿ ತೆಗೆದೆ, ಹೊಸದು ಹಾಕಿದೆ. ಕರುವಿನ ರಕ್ತದ ಸೀರಮ್, ಸಕ್ಕರೆ, ಉಪ್ಪು, ವಿಟಮಿನ್ — ನನ್ನ ಬೆಳಗಿನ ಗಂಜಿಗಿಂತ ಪುಷ್ಟಿ. ತಿಂದಲ್ಲೇ ಗಲೀಜು ಮಾಡಿಕೊಂಡು ಕೂರುತ್ತವೆ. ಗುಲಾಬಿ ದ್ರವ ಹಳದಿಗೆ ತಿರುಗುತ್ತದೆ. ತೊಳೆಯುವವಳು ನಾನು. ಆರು ವರ್ಷ! ಮಗು ಹೆತ್ತಿದ್ದರೆ ಇಷ್ಟರಲ್ಲಿ ತನ್ನದು ತಾನೇ ತೊಳೆದುಕೊಳ್ಳುತ್ತಿತ್ತು.

ಆಟೋಕ್ಲೇವ್, ಅಂದರೆ ಗಲೀಜು ಬೇಯಿಸುವ ದೊಡ್ಡ ಕುಕ್ಕರ್, ತೆರೆದೆ. ಬೆಂದ ಬ್ಯಾಕ್ಟೀರಿಯಾದ ಆವಿ ನೇರ ಮುಖಕ್ಕೆ. ಆಚೆ ಮೇಜಿನಲ್ಲಿ ನಮ್ಮ ಲ್ಯಾಬಿನ ಹಂದಿಯಣ್ಣ ಕೊಳೆಸಿದ ಮೀನಿನ ರಸ ಹಾಕಿದ ಪಪಾಯಿ ಕೋಸಂಬರಿ ತಿನ್ನುತ್ತಿದ್ದ. ಯಾವ ನಾತ ಯಾವುದರದೆಂದು ಬಿಡಿಸಿ ಹೇಳುವುದು ಕಷ್ಟ. ಅವನೂ ಮೂಗೆತ್ತಿ ಮೂಸಿದ.

"ಯಾರ್ದೋ ಊಟ ಘಮ್ ಅಂತಿದೆ ಕಣೇ ಕೊಪ್."

"ನಮ್ಮ ಬ್ಯಾಕ್ಟೀರಿಯಾದ್ದು ಅಣ್ಣಾ. ಬಡಿಸ್ಲಾ?"

ಹೊಸ ಪಿಎಚ್‌ಡಿ ಹುಡುಗಿ ಬಂದಿದ್ದಾಳೆ, ಫಾಯ್. ಅಂದರೆ ಹತ್ತಿ. ಹೆಸರಿಗೆ ತಕ್ಕ ಹಾಗೆ ಬಿಳಿ, ಮೆತ್ತಗೆ, ಕಂಡದ್ದನ್ನೆಲ್ಲ ಹೀರಿಕೊಳ್ಳುತ್ತಾಳೆ. ಪರಿಚಯ ಮಾಡಿಸಿದೆ. "ಇವನು ಮೂ, ಹಂದಿ. ಪಿಎಚ್‌ಡಿ ಮುಗಿಸಿಯೂ ಇಲ್ಲೇ ಉಳಿದ ಹಂದಿ. ನಾನು ಕೊಪ್, ಕಪ್ಪೆ. ಅಮ್ಮಂದಿರು ಇಟ್ಟ ಮುದ್ದು ಹೆಸರು, ಯಾರೂ ಬೈತಿಲ್ಲ. ಇಲ್ಲಿ ಮನುಷ್ಯರ ಹೆಸರಿರೋದು ಆಚಾನ್ ಥಾವೊನ್ ಒಬ್ಬರಿಗೇ." ಆಚಾನ್ ಎಂದರೆ ಆಚಾರ್ಯರು. ಥಾವೊನ್ ಎಂದರೆ ಸ್ಥಾವರ. ಕುರ್ಚಿಯಿಂದಲೂ ಕದಲುವುದಿಲ್ಲ, ಅಭಿಪ್ರಾಯದಿಂದಲೂ.

ಫಾಯ್ ಕೇಳಿದಳು: "ಅಕ್ಕಾ, ನಾಯಿಕೆಮ್ಮಿನ ವಿಷ ಇಟ್ಕೊಂಡು ನಾವು ಮಾಡೋದೇನು? ಮನೇಲಿ ಕೇಳ್ತಾರೆ."

"ಮನೇಲಿ ಸ್ವಿಚ್‌ಬೋರ್ಡ್ ಇದೆಯಲ್ಲ? ಯಾವ ತಂತಿ ಯಾವ ದೀಪಕ್ಕೆ ಅಂತ ಗೊತ್ತಿಲ್ಲ ಅಂದ್ಕೋ. ಒಂದು ತಂತಿ ಕತ್ತರಿಸ್ತೀಯ. ಯಾವ ದೀಪ ಆರ್ತು ನೋಡ್ತೀಯ. ಕೋಶದೊಳಗೂ ತಂತಿ ಇವೆ, ಅಲ್ಲಿಗೆ ಕತ್ತರಿ ಹೋಗಲ್ಲ. ಈ ವಿಷ ಹೋಗುತ್ತೆ. ಒಂದೇ ತಂತಿ ಕತ್ತರಿಸುತ್ತೆ, ಪಕ್ಕದ್ದು ಮುಟ್ಟಲ್ಲ."

ಮಗುವನ್ನು ಉಸಿರುಕಟ್ಟಿಸಿ ಕೊಲ್ಲುವ ವಿಷ. ಅದರಷ್ಟು ಶಿಸ್ತಿನ ಕೆಲಸಗಾರ ಈ ಕಟ್ಟಡದಲ್ಲಿ ಇನ್ನೊಬ್ಬನಿಲ್ಲ. ನಮ್ಮ ವಿಷಯವೇ ವಿಷ.

ಆಗಸ್ಟ್ 5, ಮಂಗಳವಾರ

ಲ್ಯಾಬ್ ಮೀಟಿಂಗ್. ಆಚಾನ್ ಮೂಗಿನ ಎಡ ಹೊಳ್ಳೆಯಲ್ಲಿ ಯಾದೋಮ್ ಕೊಳವೆ — ಕರ್ಪೂರ ಪುದೀನ ತುಂಬಿದ್ದು — ಸಿಕ್ಕಿಸಿಕೊಂಡೇ ಮಾತಾಡಿದರು. ಒಂದು ಗಂಟೆ. ಕೊಳವೆ ನೇತಾಡುತ್ತದೆ, ಬೀಳುವುದಿಲ್ಲ. ನನ್ನ ಕಣ್ಣು ಪರದೆಯ ಮೇಲಿರಬೇಕು, ಇರುವುದು ಕೊಳವೆಯ ಮೇಲೆ. ಕೊನೆಗೆ ಕಿತ್ತು ಅಕ್ಕರೆಯಿಂದ ನನ್ನತ್ತ ಚಾಚಿದರು. "ಸುಸ್ತಾಗಿದೀಯ ಮಗಳೇ, ಒಂದ್ಸಲ ಮೂಸು." ಮೂಸಿದೆ. ದಾಕ್ಷಿಣ್ಯ! ತುದಿ ಒದ್ದೆಯಾಗಿತ್ತು.

ಪೇಪರಿಗೆ ವಿಮರ್ಶಕರ ಉತ್ತರ ಬಂದಿದೆ. ಬಹಳ ಮಟ್ಟಿಗೆ ಒಪ್ಪಿದ್ದಾರೆ. ಇದು ಅಚ್ಚಾದರೆ ನನಗೆ ಡಿಗ್ರಿ. ಡಿಗ್ರಿ ಬಂದರೆ ಚಾಂತಬುರಿಯ ಕಾಲೇಜಿನಲ್ಲಿ ಕಾದಿರುವ ಮೇಷ್ಟ್ರ ಕೆಲಸ. ಪೇಪರಿಲ್ಲದೆ ಡಿಗ್ರಿ ಇಲ್ಲ, ಅದು ನಿಯಮ.

ನಮ್ಮ ಪೇಪರ್ ಹೇಳುವುದಿಷ್ಟು: ಈ ವಿಷ ತಂತಿ ಕತ್ತರಿಸಿದಾಗ ರಕ್ಷಕ ಕೋಶಗಳಲ್ಲಿ ದೀಪ ಆರುವ ಬದಲು ಒಂದು ಹೊಸ ದೀಪ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಯಾರೂ ಕಾಣದ ಇನ್ನೊಂದು ತಂತಿ ಇದೆ. ಆಚಾನ್ ಅದಕ್ಕೆ ಹೆಸರೂ ಇಟ್ಟಾಗಿದೆ.

ವಿಮರ್ಶಕರದು ಒಂದೇ ಸಣ್ಣ ಪ್ರಶ್ನೆ: ಕುದಿಸಿದ ವಿಷ ಹಾಕಿ ನೋಡಿದ್ದೀರಾ? ಕುದಿಸಿದರೆ ವಿಷ ಸಾಯುತ್ತದೆ, ಪ್ರೋಟೀನು, ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಸತ್ತ ವಿಷ ಹಾಕಿದಾಗ ದೀಪ ಹೊತ್ತಬಾರದು. ಹೊತ್ತಿದರೆ ಹೊತ್ತಿಸಿದ್ದು ವಿಷವಲ್ಲ, ಅದರ ಜೊತೆ ನುಸುಳಿದ ಕೊಳೆ.

"ಚಿಕ್ಕ ಕೆಲಸ," ಅಂದರು ಆಚಾನ್. "ಕೊಪ್ ಈ ವಾರ ಮಾಡಿ ಬಿಸಾಕ್ತಾಳೆ."

ಆಗಸ್ಟ್ 8, ಶುಕ್ರವಾರ

ಹೊತ್ತಿದೆ.

ಕುದಿಸಿದ ವಿಷಕ್ಕೂ ಅಷ್ಟೇ ಬೆಳಕು. ಕಾಪಿ ಹೊಡೆದ ಹಾಗೆ.

ಕುದಿಸಿದ್ದು ಸಾಲದೇನೋ. ಇನ್ನೊಮ್ಮೆ ಮಾಡುತ್ತೇನೆ.

ಆಗಸ್ಟ್ 14, ಗುರುವಾರ

ಮತ್ತೆ ಮಾಡಿದೆ. ಕುದಿಸಿ, ಇನ್ನೂ ಕುದಿಸಿ, ಬೇಯಿಸಿ, ಕೊನೆಗೆ ಸಿಟ್ಟಿಗೆ ಆಟೋಕ್ಲೇವಿಗೇ ತಳ್ಳಿ. ಪ್ರತಿ ಸಲ ದೀಪಾವಳಿ. ನಮ್ಮ ಹೊಸ ತಂತಿ, ಆಚಾನ್ ಹೆಸರಿಟ್ಟ ತಂತಿ — ಬ್ಯಾಕ್ಟೀರಿಯಾದ ಗೋಡೆಯ ಚೂರು. ಎಂಡೋಟಾಕ್ಸಿನ್. ಕೊಬ್ಬಿನಂಥ ಕೊಳೆ. ಕುದಿಸಿದರೂ ಸಾಯದ್ದು. ರಕ್ಷಕ ಕೋಶಕ್ಕೆ ಅದರ ಗಾಳಿ ಸೋಕಿದರೂ ಸಾಕು, ಬೆಚ್ಚಿಬಿದ್ದು ಎಲ್ಲ ದೀಪ ಹಾಕಿಕೊಂಡು ಕೂರುತ್ತದೆ. ಮೊದಲ ವರ್ಷದ ಪಾಠ ಇದು!

ಯಾಕೆ ಯಾರೂ ಪರೀಕ್ಷಿಸಲಿಲ್ಲ? ಯಾಕೆಂದರೆ ಇದು ಅಂಗಡಿಯ ವಿಷವಲ್ಲ, ಆಚಾನ್ ಕೈಯಡುಗೆ. ಜಪಾನಿನಲ್ಲಿ ಕಲಿತು ಬಂದು, ತಾವೇ ಬ್ಯಾಕ್ಟೀರಿಯಾ ಬೆಳೆಸಿ, ತಾವೇ ಸೋಸಿ, ಒಣಪುಡಿ ಮಾಡಿ, ಪುಟ್ಟ ಗಾಜಿನ ಶೀಶೆಗಳ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದ್ದು. ಫ್ರೀಜರಿನಲ್ಲಿ ಡಬ್ಬಿಗಟ್ಟಲೆ ಇದೆ. ಡಬ್ಬಿಗೆ ಭಿಕ್ಕು ಮಂತ್ರಿಸಿಕೊಟ್ಟ ಬಿಳಿ ದಾರ. ಪ್ರತಿವರ್ಷ ಗುರುವಂದನೆಯ ಗುರುವಾರ ಹೊಸ ವಿದ್ಯಾರ್ಥಿ ಮಂಡಿಯೂರಿ ಹೂವಿನ ತಟ್ಟೆ ಅರ್ಪಿಸುತ್ತಾನೆ, ಆಚಾನ್ ಎರಡೂ ಕೈಯಲ್ಲಿ ಒಂದು ಶೀಶೆ ಕೊಡುತ್ತಾರೆ. ತೀರ್ಥ. ತೀರ್ಥವನ್ನು ಯಾರಾದರೂ ಟೆಸ್ಟಿಗೆ ಕಳಿಸುತ್ತಾರೆಯೆ?

ಹಂದಿಯಣ್ಣನಿಗೆ ಹೇಳಿದೆ. ಅವನ ಬಾಯಲ್ಲಿ ಹುರಿದ ಸ್ಕ್ವಿಡ್. ಅಗಿಯುವುದು ನಿಂತಿತು.

"ನಿನ್ ಕೈ ಗಲೀಜು ಕೊಪ್. ಬಾಟ್ಲಿ ಮುಚ್ಚಳ ತೆಗ್ದು ಬಿಟ್ಟಿರ್ತೀಯ."

"ನಾಲ್ಕು ಸಲವೂ?"

ಅಗಿದ. ನುಂಗಿದ. ಬಾಗಿಲ ಕಡೆ ನೋಡಿದ. "…ನನಗೂ ಹಂಗೇ ಬಂದಿತ್ತು ಮಾರಾಯ್ತಿ. ನೀನು ಸೇರೋಕೂ ಮುಂಚೆ."

"ಹೇಳ್ಲಿಲ್ವಾ?"

"ಹೆಂಗ್ ಹೇಳ್ಲಿ? ಆಚಾನ್ ಅವತ್ತು ಎಷ್ಟು ಖುಷಿಯಾಗಿದ್ರು ಅಂದ್ರೆ… ಮುಖ ನೋಡಿ ಬಾಯೇ ಬರ್ಲಿಲ್ಲ. ನನ್ ಹಿಂದಿನವ್ನೂ ಹೇಳಿರ್ಲಿಲ್ಲ. ಯಾರೋ ಮುಂದಿನವ್ರು ಹೇಳ್ತಾರೆ ಅಂದ್ಕೊಂಡೆ."

ಮುಂದಿನವಳು ನಾನು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ಇಲ್ಲಿ ಸಾಲಾಗಿ ಬಸುರಾಗಿದ್ದಾರೆ, ಹೆರುವ ಸರದಿ ಮಾತ್ರ ಕಪ್ಪೆಗೆ.

ಆಗಸ್ಟ್ 15, ಶುಕ್ರವಾರ

ಹೇಳಿದೆ. ಆಚಾನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಕರು, ಕೊಳವೆ ಹೊಳ್ಳೆ ಬದಲಾಯಿಸಿತು.

"ಕೈ ತಪ್ಪು ಮಗಳೇ, ಆಗುತ್ತೆ. ಆ ಚಿತ್ರ ತೆಗ್ದುಬಿಡು. ವಿಮರ್ಶಕರಿಗೆ ಒಂದು ಸಾಲು ಬರಿ — ಕುದಿಸಿದ ವಿಷಕ್ಕೆ ಪರಿಣಾಮ ಇರಲಿಲ್ಲ, ಡೇಟಾ ನಾಟ್ ಶೋನ್."

"ಪರಿಣಾಮ ಇತ್ತಲ್ಲ ಆಚಾನ್…"

"ಅದಕ್ಕೇ ತೋರಿಸ್ಬೇಡ ಅಂದಿದ್ದು."

ಎಷ್ಟು ಸರಳ. ಹೊರಗೆ ಬಂದು ಆವರಣದ ದೇವರಗೂಡಿನ ಪಕ್ಕ ನಿಂತೆ. ಯಾರೋ ನೈವೇದ್ಯಕ್ಕೆ ಕೆಂಪು ಸೋಡಾ ಇಟ್ಟು ಸ್ಟ್ರಾ ಹಾಕಿದ್ದರು. ಸ್ಟ್ರಾದೊಳಗೆ ಇರುವೆಗಳ ಮೆರವಣಿಗೆ, ತಳದಲ್ಲಿ ಸತ್ತವು ಗಸಿಯಾಗಿ ಕೂತಿವೆ. ದೇವರು ಅದನ್ನೇ ಕುಡಿಯಬೇಕು. ದೇವರೂ ದಾಕ್ಷಿಣ್ಯದವನೇ ಇರಬೇಕು.

ಆಗಸ್ಟ್ 19, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು — ಮಧ್ಯಾಹ್ನದ ಊಟ!

ಪೇಪರ್ ಹೊರಡುತ್ತಿರುವ ಖುಷಿಗೆ ಆಚಾನ್ ಎಲ್ಲರನ್ನೂ ಆಂಗ್‌ಸಿಲಾ ಕಡಲಂಚಿನ ಅಂಗಡಿಗೆ ಕರೆದೊಯ್ದರು. ಲಾಳದೇಡಿಯ ಮೊಟ್ಟೆಯ ಕೋಸಂಬರಿ ಬೇಕೆಂದರು. ಕುದುರೆ ಲಾಳದಂಥ ಚಿಪ್ಪು, ಕೆಳಗೆ ಜೇಡದ ಕಾಲುಗಳು, ನೀಲಿ ರಕ್ತ, ಮೊಳೆಯಂಥ ಬಾಲ. ಬೆಂಕಿಯ ಮೇಲೆ ಅಂಗಾತ ಹಾಕಿ ಸುಡುತ್ತಾರೆ. ಹಳದಿ ಮೊಟ್ಟೆಗಳು ಗುಳುಗುಳು. ಕೆಳಗಿನ ಮಹಡಿಯ ಲಸಿಕೆಯವರು ಇದೇ ಪ್ರಾಣಿಯ ರಕ್ತದಿಂದ ಎಂಡೋಟಾಕ್ಸಿನ್ ಹುಡುಕುತ್ತಾರೆ. ಕೊಳೆ ಸೋಕಿದರೆ ಆ ರಕ್ತ ಗಡ್ಡೆ ಕಟ್ಟುತ್ತದೆ. ಇಡೀ ಮೇಜಿನಲ್ಲಿ ಕೊಳೆ ಗುರುತಿಸುವ ಯೋಗ್ಯತೆ ಇದ್ದ ಜೀವ ಅದೊಂದೇ, ಅದನ್ನೇ ತಿಂದರು.

ತಿನ್ನುವ ಮೊದಲು ಆಚಾನ್ ತಟ್ಟೆ ತಡೆದರು.

"ಅಕ್ಕಾ, ಬಾಲ ತನ್ನಿ. ಮೊದ್ಲು ಬಾಲ ತೋರಿಸಿ."

ಅಂಗಡಿಯಾಕೆ ಮುಖ ಗಂಟಿಕ್ಕಿದಳು. "ಮೂರು ತಲೆಮಾರಿಂದ ಮಾರ್ತಿದೀವಿ ಮೇಷ್ಟ್ರೇ, ಯಾರನ್ನೂ ಸಾಯ್ಸಿಲ್ಲ."

"ಗೌರವ ಬೇರೆ, ಬಾಲ ಬೇರೆ. ತನ್ನಿ."

ತಂದಳು. ಆಚಾನ್ ಬಾಲವನ್ನು ಬೆರಳಲ್ಲಿ ಹೊರಳಿಸಿ ಅಂಚು ಮುಟ್ಟಿ ನೋಡಿದರು. ಮೂರು ಮೂಲೆ. ಸರಿ. ಫಾಯ್‌ಗೆ ಪಾಠ ಶುರು.

"ನೋಡಮ್ಮ, ಗುಂಡು ಬಾಲದ ಜಾತಿ ಒಂದಿದೆ. ತಿಂದ್ರೆ ತುಟಿ ಮರಗಟ್ಟುತ್ತೆ, ಆಮೇಲೆ ಉಸಿರು ನಿಲ್ಲುತ್ತೆ. ಸುಟ್ರೂ ಅಷ್ಟೇ, ಕುದಿಸಿದ್ರೂ ಅಷ್ಟೇ, ಆ ವಿಷ ಸಾಯಲ್ಲ. ಅಡುಗೆಯವರ ಮಾತು ನಂಬಿ ಕೂರಬಾರ್ದು. ಕಣ್ಣಾರೆ ನೋಡ್ಬೇಕು."

ನಾನು ಕೇಳಿದೆ. ಕೇಳಬಾರದಿತ್ತು, ಬಾಯಿ ತಾನೇ ಕೇಳಿತು: "ಅಡುಗೆ ಯಾರೇ ಮಾಡಿದ್ರೂನಾ ಆಚಾನ್?"

"ಯಾರೇ ಮಾಡಿದ್ರೂ—"

ನಿಲ್ಲಿಸಿದರು. ಹಂದಿಯಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆಚಾನ್ ಮೂಗಿನ ಕೊಳವೆ ಕಿತ್ತು ಜೇಬಿಗಿಟ್ಟರು. ಅವರು ಅದನ್ನು ತಾವಾಗಿ ಕಿತ್ತದ್ದು, ಯಾರಿಗೂ ಚಾಚದೆ ಒಳಗಿಟ್ಟದ್ದು, ಇದೇ ಮೊದಲು ಕಂಡೆ.

"ಊಟದ ಹೊತ್ತಲ್ಲಿ ಲ್ಯಾಬಿನ ಮಾತು ಬೇಡ," ಅಂದರು. ಲ್ಯಾಬಿನ ಮಾತು ಯಾರೂ ಆಡಿರಲಿಲ್ಲ.

ನಾನೂ ಎರಡು ಚಮಚ ತಿಂದೆ. ಮೊಟ್ಟೆ ಹಲ್ಲಿನಡಿ ಪಟಪಟ ಒಡೆಯುತ್ತದೆ. ಮನೆಗೆ ಬಂದು ವಾಂತಿ ಮಾಡಿದೆ. ಏಡಿಯದು ತಪ್ಪಿಲ್ಲ.

ಆಗಸ್ಟ್ 22, ಶುಕ್ರವಾರ

ಪತ್ರಿಕೆಯವರಿಂದ ಈ-ಮೇಲ್. ತಿದ್ದಿದ ಪೇಪರ್ ತಲುಪಿದೆ, ಎಲ್ಲ ಲೇಖಕರೂ ಒಪ್ಪಿಗೆಯ ಗುಂಡಿ ಒತ್ತಬೇಕು. ಆಚಾನ್ ಒತ್ತಿದ್ದಾರೆ. ಹಂದಿಯಣ್ಣ ಒತ್ತಿದ್ದಾನೆ. ಮೊದಲ ಹೆಸರು ನನ್ನದು, ನಾನು ಒತ್ತಿಲ್ಲ. ಪೇಪರಿನೊಳಗೆ ಆ ಸಾಲು ಕೂತಿದೆ — 'ಪರಿಣಾಮ ಕಂಡುಬರಲಿಲ್ಲ, ಡೇಟಾ ತೋರಿಸಿಲ್ಲ'. ನಾನು ಬರೆಯಲಿಲ್ಲವೆಂದು ಹಂದಿಯಣ್ಣ ಬರೆದಿದ್ದಾನೆ, ನನ್ನ ಹೆಸರಿನಡಿ.

ಕೆಳಗಿನ ಮಹಡಿಯಿಂದ ಲಾಳದೇಡಿ ರಕ್ತದ ಕಿಟ್ ಬೇಡಿ ತಂದೆ. ನಮ್ಮ ದಿನಬಳಕೆಯ ವಿಷದ ಬಾಟಲಿಯಿಂದ ಒಂದು ಹನಿ ಹಾಕಿ, ಬೆಚ್ಚಗಿಟ್ಟು, ತಲೆಕೆಳಗು ಮಾಡಿದೆ. ಕೊಳೆ ಇಲ್ಲದಿದ್ದರೆ ನೀರಿನಂತೆ ಹರಿಯಬೇಕು. ಗಡ್ಡೆ ತಳಕ್ಕೆ ಅಂಟಿ ನಿಂತಿತು. ಸ್ಥಾವರ.

ಹಂದಿಯಣ್ಣ ಬಗ್ಗಿ ನೋಡಿದ. "ಇದ್ರಿಂದ ಏನೂ ಸಾಬೀತಾಗಲ್ಲ. ಆ ಬಾಟ್ಲಿ ನಾನು ಕಲ್ಸಿಟ್ಟಿದ್ದು. ನನ್ ಕೈ, ನಿನ್ ಕೈ, ಊರ ಕೈಯೆಲ್ಲ ಬಿದ್ದಿದೆ. ಆಚಾನ್ ಮಾಡಿದ್ದು ಶುದ್ಧ, ಹಾಳ್ಮಾಡಿದ್ದು ನಾವು ಅಂತಾರೆ. ಸುಮ್ನೆ ಒತ್ತೇ ತಾಯಿ. ಚಾಂತಬುರೀಲಿ ಡುರಿಯನ್ ಹಣ್ಣು ತಿಂದ್ಕೊಂಡು ಪಾಠ ಮಾಡು. ಮಕ್ಕಳಿಗೆ ಸರಿಯಾದ್ದೇ ಹೇಳ್ಕೊಡು, ಯಾರ್ ಬೇಡ ಅಂತಾರೆ?"

ಅವನ ಬುದ್ಧಿವಾದದಲ್ಲೂ ಮೀನಿನ ನಾತ. ಆದರೆ ಮಾತು ಸರಿ. ತೆರೆದ ಬಾಟಲಿಗೆ ಸಾಕ್ಷಿಯ ಬೆಲೆಯಿಲ್ಲ.

ತೆರೆಯದ್ದು ಒಂದಿದೆ.

ನನ್ನ ಶೀಶೆ. ಮೊದಲ ವರ್ಷ ಆಚಾನ್ ಎರಡೂ ಕೈಯಲ್ಲಿ ಕೊಟ್ಟದ್ದು. ಎಲ್ಲರೂ ಮುರಿದು ಬಳಸುತ್ತಾರೆ, ನಾನು ಬಳಸಲಿಲ್ಲ. ಬಿಳಿ ದಾರ ಸುತ್ತಿ ಫ್ರೀಜರಿನ ಮೂಲೆಯಲ್ಲಿ ಇಟ್ಟೆ. ಅವರು ಕರಗಿಸಿ ಮುಚ್ಚಿದ ಗಾಜಿನೊಳಕ್ಕೆ ಅವರ ಕೈ ಬಿಟ್ಟರೆ ಇನ್ಯಾರ ಕೈಯೂ ಹೋಗಿಲ್ಲ. ಅಮ್ಮ ಕೊರಳಿಗೆ ಕಟ್ಟಿದ ತಾಯಿತ ಬಿಚ್ಚಿಟ್ಟಿದ್ದೇನೆ, ಇದನ್ನು ಮುಟ್ಟಿಲ್ಲ.

ಆಗಸ್ಟ್ 27, ಬುಧವಾರ

ನಾಳೆ ಗುರುವಂದನೆ. ಇಡೀ ದಿನ ಹೂವಿನ ತಟ್ಟೆ ಕಟ್ಟಿದೆವು. ಸೂಜಿಯಂಥ ಕೇಪಳ ಮೊಗ್ಗು ಬುದ್ಧಿ ಚೂಪಾಗಲೆಂದು. ಗರಿಕೆ, ತುಳಿದರೂ ಚಿಗುರಲೆಂದು. ಬದನೆ ಹೂ, ಸದಾ ತಲೆ ತಗ್ಗಿಸಿರಲೆಂದು. ಆಚಾನ್ ಹಾದುಹೋದರು. "ಬದನೆ ಹೂ ಇನ್ನಷ್ಟು ಹಾಕು ಕೊಪ್," ಅಂದರು. ನಗುತ್ತಲೇ. ಹಾಕಿದೆ.

ಫಾಯ್ ಗುಟ್ಟಾಗಿ ಕೇಳಿದಳು: "ಅಕ್ಕಾ, ನಿಮ್ಗೆ ಶೀಶೆ ಕೊಟ್ಟಾಗ ಅಳು ಬಂತಂತೆ, ಹೌದಾ?"

"ಬಂತು."

"ನನಗೂ ಈಗ್ಲೇ ಬರ್ತಿದೆ."

ಅವಳ ಮುಂದಿನ ಆರು ವರ್ಷ ನನಗೆ ಕಾಣಿಸಿತು, ಹಳದಿಗೆ ತಿರುಗಿದ ದ್ರವದ ಹಾಗೆ.

ಆಗಸ್ಟ್ 28, ಗುರುವಾರ. ಬೆಳಗ್ಗೆ

ದಾರ ಬಿಚ್ಚಿದೆ. ಕೈ ಮುಗಿದೆ, ಅಭ್ಯಾಸಬಲ. ಶೀಶೆಯ ಕುತ್ತಿಗೆ ಮುರಿದೆ. ಟಕ್ ಅಂದಿತು, ಅಷ್ಟೇ. ಆರು ವರ್ಷದ ಭಕ್ತಿಗೆ ಇನ್ನೂ ದೊಡ್ಡ ಸದ್ದು ಬೇಕಿತ್ತು.

ಕಿಟ್ಟಿನ ಶುದ್ಧ ನೀರಲ್ಲಿ ಕಲಸಿ ಎರಡು ಪಾಲು ಮಾಡಿದೆ, ಒಂದು ಹಸಿ, ಒಂದು ಕುದಿಸಿದ್ದು. ಮೂರನೆಯ ಟ್ಯೂಬಿಗೆ ಬರೀ ನೀರು. ಬೆಚ್ಚಗಿಟ್ಟು ಕಾದೆ. ಪ್ರಾರ್ಥಿಸಿದೆ ಕೂಡ — ಹರಿಯಲಿ, ನನ್ನ ಕೈಯೇ ಗಲೀಜೆಂದು ಗೊತ್ತಾಗಲಿ, ಆಚಾನ್ ಕಾಲಿಗೆ ಬಿದ್ದು ಒಪ್ಪಿಗೆ ಒತ್ತಿಬಿಡುತ್ತೇನೆ.

ನೀರಿನದು ಹರಿಯಿತು.

ಹಸಿಯದು ಅಲ್ಲಾಡಲಿಲ್ಲ. ಕುದಿಸಿದ್ದೂ.

ಆಗಸ್ಟ್ 28. ಮಧ್ಯಾಹ್ನ

ಈ ಗಡ್ಡೆ ಬಲು ನಾಜೂಕು. ಜೋರಾಗಿ ಅಲುಗಿಸಿದರೆ ಒಡೆದು ನೀರಾಗುತ್ತದೆ, ಮತ್ತೆ ಕೂಡುವುದಿಲ್ಲ. ಕುದಿಸಿದ ಟ್ಯೂಬನ್ನು ಹೂವಿನ ತಟ್ಟೆಯ ನಡುವೆ, ಗರಿಕೆಯೊಳಗೆ ಹುದುಗಿಸಿ ನೆಟ್ಟಗೆ ನಿಲ್ಲಿಸಿದೆ. ಸಭಾಂಗಣದ ಬಾಗಿಲಿಂದ ಆಚಾನ್ ಕುರ್ಚಿಯವರೆಗೆ ಮಂಡಿಯ ಮೇಲೆ ತೆವಳಿಕೊಂಡು ಹೋಗುವುದು ಪದ್ಧತಿ. ಇಷ್ಟು ಭಯಭಕ್ತಿಯಿಂದ ನಾನು ಎಂದೂ ತೆವಳಿಲ್ಲ. ಉಸಿರು ಬಿಗಿಹಿಡಿದು, ತಟ್ಟೆ ಅಲುಗದಂತೆ. ಹಿಂದೆ ಯಾರೋ ಮೆಚ್ಚಿಕೊಂಡರು: "ನೋಡ್ರೋ, ಕೊಪ್ ಎಷ್ಟು ವಿನಯವಾಗಿ ಹೋಗ್ತಿದಾಳೆ!" ಬದನೆ ಹೂವಿನ ಪುಣ್ಯ.

ತಟ್ಟೆ ಎತ್ತಿ ಹಿಡಿದೆ. ಆಚಾನ್ ಮುಟ್ಟಿ ಹರಸಬೇಕು. ಟ್ಯೂಬು ಕಂಡಿತು. ಕಣ್ಣಲ್ಲೇ ಕೇಳಿದರು.

ಮೆಲ್ಲಗೆ ಹೇಳಿದೆ: "ನೀವು ನನಗೆ ಕೊಟ್ಟ ಶೀಶೆಯದು ಆಚಾನ್. ಇವತ್ತೇ ಮುರಿದೆ. ಕುದಿಸಿದ್ದು."

ಅವರು ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿದರು, ಮೊನ್ನೆ ಏಡಿಯ ಬಾಲ ಎತ್ತಿದಂತೆಯೇ. ತಲೆಕೆಳಗು ಮಾಡಿದರು. ನಿಂತಿತು. ನೆಟ್ಟಗೆ ಮಾಡಿ ಮತ್ತೆ ತಿರುಗಿಸಿದರು. ನಿಂತಿತು. ಆ ಮುಖ ಬಣ್ಣಗೆಟ್ಟದ್ದನ್ನು ನಾನು ಕಂಡೆ. ಅವರಿಗೆ ಅರ್ಥವಾಗಿದೆ. ಈ ಊರಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಿದೆ.

ಒಂದು ಕ್ಷಣ, ಏನೋ ಹೇಳುತ್ತಾರೆ ಅನ್ನಿಸಿತು. ಹೇಳಿದ್ದರೆ ಇಡೀ ಲ್ಯಾಬು ಮೊದಲಿಂದ ಶುರು ಮಾಡುತ್ತಿತ್ತು, ನಾನೂ ಇನ್ನಾರು ವರ್ಷ ಕೋಶಗಳ ಗಲೀಜು ತೊಳೆಯುತ್ತಿದ್ದೆ, ಗೊಣಗಿಕೊಂಡೇ.

ಟ್ಯೂಬು ಜೇಬಿಗೆ ಹೋಯಿತು. ಯಾದೋಮ್ ಕೊಳವೆಯ ಪಕ್ಕ.

"ತಟ್ಟೆ ಚೆನ್ನಾಗಿ ಕಟ್ಟಿದೀಯ ಕೊಪ್," ಅಂದರು. ಆಮೇಲೆ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಬಾಮ್ಮಾ ಫಾಯ್."

ಫಾಯ್ ತೆವಳಿ ಬಂದಳು. ಆಚಾನ್ ಡಬ್ಬಿ ತೆರೆದು, ಶೀಶೆ ಎತ್ತಿ, ಎರಡೂ ಕೈಯಲ್ಲಿ ಕೊಟ್ಟರು. ಕೊಟ್ಟರೂ ತಕ್ಷಣ ಕೈ ಬಿಡಲಿಲ್ಲ. ಎಲ್ಲರೂ ಅದು ವಾತ್ಸಲ್ಯವೆಂದುಕೊಂಡರು. ಫಾಯ್ ಅತ್ತಳು. ಫೋಟೋ ತೆಗೆದರು. ಫೋಟೋದಲ್ಲಿ ನಾನೂ ಇದ್ದೇನೆ, ನಗುತ್ತಿದ್ದೇನೆ. ಅದೇ ಎಲ್ಲಕ್ಕಿಂತ ಹೇಸಿಗೆ.

ಆಗಸ್ಟ್ 28. ಮೂರು ಗಂಟೆ

ಒತ್ತಿದೆ. ಇನ್ನೊಂದು ಗುಂಡಿ, 'ಒಪ್ಪುವುದಿಲ್ಲ' ಅನ್ನುವುದು. ಕಾರಣ ಬರೆಯಿರಿ ಅಂದಿತು. ಬರೆದೆ: ಕುದಿಸಿದ ವಿಷವೂ ಅದೇ ಕೆಲಸ ಮಾಡುತ್ತದೆ. ಡೇಟಾ ತೋರಿಸಿದೆ. ಎಲ್ಲ ಚಿತ್ರಗಳನ್ನೂ ಲಗತ್ತಿಸಿದೆ, ಆಚಾನ್ ಮತ್ತು ಹಂದಿಯಣ್ಣನಿಗೂ ಪ್ರತಿ ಹೋಗುವ ಹಾಗೆ.

ಡಿಗ್ರಿ ಹೋಯಿತು. ಚಾಂತಬುರಿಯವರು ಎಷ್ಟು ದಿನ ಕಾದಾರು? ಹಂದಿಯಣ್ಣನ ಸಂದೇಶ ಬಂತು: "ಹುಚ್ಚು ಕಪ್ಪೆ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ನನ್ ಹಳೇ ಡೇಟಾನೂ ಇದೆ. ಬೇಕಾ?"

ಬೇಕು ಅಂದೆ. ಹಂದಿಗೆ ಹೆರಿಗೆ ನೋವು ಶುರುವಾಗಿದೆ.

ಫಾಯ್ ಒಳಗೆ ಬಂದಳು. ಕಣ್ಣು ಇನ್ನೂ ಕೆಂಪು. ಅಂಗೈಯಲ್ಲಿ ಶೀಶೆ.

"ಅಕ್ಕಾ, ಇದನ್ನ ಪೂಜೆಗೆ ಇಟ್ಕೊಳ್ಲಾ, ಬಳಸ್ಲಾ?"

ಅವಳ ಮುಖ ನೋಡಿದೆ. ಎಷ್ಟು ಖುಷಿಯಾಗಿದ್ದಾಳೆ. ಬಾಯಿ ಬರಲಿಲ್ಲ… ಇದೇ, ಇದೇ ರೋಗ! ಎದ್ದು ನೀರು ಕಾಯಿಸಲು ಇಟ್ಟೆ.

"ಕೂತ್ಕೋ ತಂಗಿ. ಎರಡೂ ಆಮೇಲೆ. ಮೊದ್ಲು ಕುದಿಸಿ ನೋಡೋಣ."

ಕನ್ನಡಕ ಹಾಕಿಕೊಂಡಳು. ನೀರು ಸದ್ದು ಮಾಡುತ್ತಿದೆ. ಶೀಶೆಯ ಕುತ್ತಿಗೆಗೆ ಹೆಬ್ಬೆರಳು ಕೊಟ್ಟು ಅವಳು ನನ್ನತ್ತ ನೋಡುತ್ತಿದ್ದಾಳೆ.